ಬೀಡಿ ಬಿಡಿಸುವ ಮಾತಿಗೆ ಮೊಬೈಲ್ ಆ್ಯಪ್: ಕೊಡಗಿನ ಆರೋಗ್ಯ ಸಿಬ್ಬಂದಿಗೆ ನಿಜಕ್ಕೂ ಏನು ಬೇಕು?

ಮಲೆವೈದ್ಯ (ಸೋಮವಾರಪೇಟೆ ತಾಲೂಕು):

ಎಲ್ಲರಿಗೂ ನಮಸ್ಕಾರ. ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿರುವ ನಾನು, ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮನ ನೆರವಿನಿಂದ ಒಂದು ಕನ್ನಡ ಆ್ಯಪ್ ಸಿದ್ಧಪಡಿಸುತ್ತಿದ್ದೇನೆ. ಬೀಡಿ, ಸಿಗರೇಟು ಬಿಡುವ ಬಗ್ಗೆ ರೋಗಿಗಳೊಡನೆ ಮಾತನಾಡಬೇಕಾದ ವೈದ್ಯರು, ದಾದಿಯರು ಹಾಗೂ ಸಮುದಾಯ ಆರೋಗ್ಯ ಅಧಿಕಾರಿಗಳಿಗಾಗಿ ಅದು. ಅದರಲ್ಲಿ ಏನಿರಬೇಕು, ಅದಕ್ಕಿಂತ ಮುಖ್ಯವಾಗಿ ಏನಿರಬಾರದು ಎಂಬುದನ್ನು ಈ ಜಿಲ್ಲೆಯಲ್ಲಿ ಕೆಲಸ ಮಾಡುವವರಿಂದಲೇ ತಿಳಿಯಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಸೇದುವವರೇ ಬಳಸುವ ಆ್ಯಪ್‌ಗಳು ಈಗಾಗಲೇ ಸಾಕಷ್ಟಿವೆ. ಬಿಟ್ಟು ಎಷ್ಟು ದಿನವಾಯಿತು, ಎಷ್ಟು ಹಣ ಉಳಿಯಿತು ಎಂಬ ಲೆಕ್ಕವನ್ನು ಅವು ತೋರಿಸುತ್ತವೆ. ನಮ್ಮದು ಆ ಜಾತಿಯದಲ್ಲ. ಮೇಜಿನ ಈಚೆ ಕುಳಿತು ಸಲಹೆ ಹೇಳಬೇಕಾದವರ ಕೈಗೆ ಕೊಡುವಂಥದ್ದು. ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರವು ‘ಕ್ವಿಟ್‌ಮೆಡ್‌ಕಿಟ್’ ಎಂಬ ಹೆಸರಿನಲ್ಲಿ ವೈದ್ಯಕೀಯ ಸಿಬ್ಬಂದಿಗಾಗಿಯೇ ಇಂಥದೊಂದನ್ನು ಹೊರತಂದಿದೆ. ಆ ಆಲೋಚನೆ ನನಗೆ ಮೆಚ್ಚುಗೆಯಾಯಿತು. ಆದರೆ ಅದು ಅಮೆರಿಕದ ಚಿಕಿತ್ಸಾಲಯಕ್ಕೆಂದು ಮಾಡಿದ್ದು. ಲೈನ್‌ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಮಳೆಯಲ್ಲಿ ನೆನೆದು ಬಂದು, ಕೆಮ್ಮಿಗೆ ಮಾತ್ರೆ ಕೇಳುವ ಬೀಡಿ ಸೇದುವವನಿಗೆ ನಾನು ಏನು ಹೇಳಬೇಕೆಂಬುದು ಅದರಲ್ಲಿ ಸಿಗುವುದಿಲ್ಲ.

ಮಾತಿಗೆ ಬೆಲೆಯಿದೆಯೇ ಎಂದು ಕೇಳುವವರಿಗಾಗಿ ಎರಡು ಅಂಶಗಳನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈಯಲ್ಲಿ, ವಯಸ್ಕರಿಗೆ ತಂಬಾಕು ಬಿಡಿಸುವ ಚಿಕಿತ್ಸೆಯ ಬಗ್ಗೆ ತನ್ನ ಮೊದಲ ಮಾರ್ಗಸೂಚಿಯನ್ನು ಪ್ರಕಟಿಸಿತು. ಎಲ್ಲ ಆರೋಗ್ಯ ಕೇಂದ್ರಗಳಲ್ಲೂ ವಾಡಿಕೆಯಾಗಿ 30 ಸೆಕೆಂಡಿನಿಂದ 3 ನಿಮಿಷದವರೆಗಿನ ಚುಟುಕು ಸಲಹೆ ಕೊಡಬೇಕೆಂದು ಅದು ಶಿಫಾರಸು ಮಾಡುತ್ತದೆ. ಯಾರ ನೆರವೂ ಇಲ್ಲದೆ ಬಿಡುವವರು ನೂರಕ್ಕೆ ಎರಡು ಮೂರು ಮಂದಿಯಾದರೆ, ವೈದ್ಯರ ಚುಟುಕು ಸಲಹೆಯಿಂದ ಇನ್ನೂ ಒಬ್ಬರಿಂದ ಮೂವರು ಅದಕ್ಕೆ ಸೇರುತ್ತಾರೆಂದು ಅಧ್ಯಯನಗಳ ಒಟ್ಟು ವಿಮರ್ಶೆಗಳು ಹೇಳುತ್ತವೆ. ಕೇಳಲು ಇದು ಅತ್ಯಲ್ಪ. ಹೊರರೋಗಿ ವಿಭಾಗದ ಇಡೀ ವರ್ಷದ ಚೀಟಿಗಳಿಗೆ ಗುಣಿಸಿ ನೋಡಿದರೆ ಅಲ್ಪವಲ್ಲ. ಎರಡನೆಯದು, 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಹಿಂದಿನ 12 ತಿಂಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಕಂಡ ಭಾರತದ ಧೂಮಪಾನಿಗಳಲ್ಲಿ ಬಿಡಬೇಕೆಂಬ ಸಲಹೆ ಕೇಳಿದವರು ಶೇ. 48.8 ಮಾತ್ರ. ಉಳಿದರ್ಧ ಮಂದಿಗೆ ಯಾರೂ ಏನೂ ಹೇಳಿಲ್ಲ.

ಹೇಳಿದ್ದೂ ಹೇಗೆ ಎಂಬುದನ್ನು ನಾವೆಲ್ಲ ಬಲ್ಲೆವು. ಚೀಟಿ ಬರೆಯುತ್ತಾ, ತಲೆ ಎತ್ತದೆ, ‘ಬೀಡಿ ಕಡಿಮೆ ಮಾಡಪ್ಪ’ ಎಂದರೆ ಅಲ್ಲಿಗೆ ಮುಗಿಯಿತು. ಶಾಸ್ತ್ರದಲ್ಲಿ ಐದು ಹೆಜ್ಜೆಗಳಿವೆ: ಕೇಳುವುದು, ತಿಳಿಹೇಳುವುದು, ಬಿಡಲು ಮನಸ್ಸಿದೆಯೇ ಎಂದು ಅಳೆಯುವುದು, ನೆರವಾಗುವುದು, ಮತ್ತೆ ಭೇಟಿಗೆ ಏರ್ಪಾಡು ಮಾಡುವುದು. ಮೊದಲ ಎರಡನ್ನು ನಾವು ಅಷ್ಟಿಷ್ಟು ಮಾಡುತ್ತೇವೆ. ಕೊನೆಯದನ್ನು ಮಾಡುವವರನ್ನು ನಾನು ಕಂಡದ್ದು ಅಪರೂಪ. ಆ್ಯಪ್ ಈ ಐದನ್ನೂ ಒಂದರ ಹಿಂದೆ ಒಂದರಂತೆ ಕಣ್ಣಮುಂದೆ ಇಡುತ್ತದೆ. ಪ್ರತಿ ಹೆಜ್ಜೆಗೂ ಹೇಳಬಹುದಾದ ಎರಡು ವಾಕ್ಯಗಳನ್ನು ಕೊಡುತ್ತದೆ. ಆಕ್ಷೇಪಗಳಿಗೆ ಸ್ವಾಗತ.

ಉಪಕೇಂದ್ರ_ವಿರಾಜಪೇಟೆ:

ಡಾಕ್ಟರೇ, ನಾನು ವಿರಾಜಪೇಟೆ ಕಡೆಯ ಒಂದು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ. ನಿಮ್ಮ ಉದ್ದೇಶವನ್ನು ಗೌರವಿಸುತ್ತಲೇ ಹೇಳುತ್ತೇನೆ, ಇನ್ನೊಂದು ಆ್ಯಪ್ ಬರುತ್ತದೆ ಎಂದರೆ ನಮ್ಮ ಆಶಾ ಕಾರ್ಯಕರ್ತೆಯರು ಕೈಮುಗಿದುಬಿಡುತ್ತಾರೆ. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಸಿಬ್ಯಾಕ್ ಫಾರಂ (ಕಾಯಿಲೆಯ ಅಪಾಯ ಅಳೆಯುವ ಪ್ರಶ್ನಾಪಟ್ಟಿ) ತುಂಬುವಾಗ ತಂಬಾಕಿನ ಪ್ರಶ್ನೆ ಈಗಲೂ ಇದೆ. ಎಂದೂ ಬಳಸಿಲ್ಲವಾದರೆ ಸೊನ್ನೆ, ಹಿಂದೆ ಬಳಸುತ್ತಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಬಳಸಿದರೆ ಒಂದು, ದಿನವೂ ಆದರೆ ಎರಡು ಅಂಕ. ಒಟ್ಟು ಅಂಕ ನಾಲ್ಕನ್ನು ಮೀರಿದವರನ್ನು ತಪಾಸಣೆಗೆ ಮೊದಲು ಕಳುಹಿಸಬೇಕು. ಬಿಪಿ, ಸಕ್ಕರೆ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಆ ಎರಡು ಅಂಕ ಕೊಟ್ಟ ಬೀಡಿಯ ಬಗ್ಗೆ ಮತ್ತೆ ಮಾತೇ ಬರುವುದಿಲ್ಲ. ಆದ್ದರಿಂದ ಕೇಳುವುದಕ್ಕೆ ನಮಗೆ ಆ್ಯಪ್ ಬೇಡ, ಕೇಳಿದ ಮೇಲೆ ಏನು ಎಂಬುದಕ್ಕೆ ಬೇಕು.

ಇನ್ನೊಂದು ಸಂಗತಿಯನ್ನು ಊರಿನಲ್ಲಿ ಕುಳಿತು ಆ್ಯಪ್ ಮಾಡುವವರು ಅರಿಯಬೇಕು. ಲೈನ್‌ಮನೆಯ ಜಗುಲಿಯಲ್ಲಿ ನಾನು ಫೋನು ಹೊರತೆಗೆದ ಕೂಡಲೇ, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಅರ್ಧ ಬೀಡಿಯನ್ನು ಮೆಲ್ಲನೆ ಅಂಗಿಯ ಜೇಬಿಗೆ ಇಳಿಸಿ, ‘ನಾನು ಸೇದೋದೇ ಇಲ್ಲ ಮೇಡಂ’ ಎನ್ನುತ್ತಾರೆ. ಫೋನಿನಲ್ಲಿ ಹೆಸರು ಬರೆದುಕೊಂಡರೆ ಅದು ಮಾಲೀಕರಿಗೆ ಹೋಗುತ್ತದೆ, ಇಲ್ಲವೇ ಯಾವುದೋ ಸವಲತ್ತು ನಿಲ್ಲುತ್ತದೆ ಎಂಬ ಅಂಜಿಕೆ ಅವರದು. ಫೋನು ಕೆಳಗಿಟ್ಟು, ಗದ್ದೆ ನಾಟಿ ಮುಗಿಯಿತೇ, ಆನೆ ಬಂದಿತ್ತೇ ಎಂದು ಮಾತಿಗೆ ಕೂತರೆ ಅದೇ ಮನುಷ್ಯ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳುತ್ತಾರೆ. ಹಾಗಾಗಿ ನಿಮ್ಮ ಆ್ಯಪ್ ಮಾತಿನ ನಡುವೆ ನೋಡುವಂತಿರಬಾರದು; ಮೊದಲೇ ಓದಿಕೊಂಡು ಹೋಗಿ, ಹಿಂದಿರುಗುವ ದಾರಿಯಲ್ಲಿ ನಾಲ್ಕು ಗುಂಡಿ ಒತ್ತಿ ಮುಗಿಸುವಂತಿರಬೇಕು.

ಮಳೆಗಾಲದ ವಿಷಯ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋದರೆ ಟವರೂ ಹೋಗುತ್ತದೆ. ಇಂಟರ್‌ನೆಟ್ ಇಲ್ಲದೆ ತೆರೆಯದ ಆ್ಯಪ್ ನಮಗೆ ನಾಲ್ಕು ತಿಂಗಳು ದಂಡಕ್ಕೆ.

ಹಳೆಸಿಪಾಯಿ (ಪೊನ್ನಂಪೇಟೆ):

ನಾನು ಆರೋಗ್ಯ ಇಲಾಖೆಯವನಲ್ಲ, ಸೈನ್ಯದಿಂದ ನಿವೃತ್ತನಾಗಿ ತೋಟ ನೋಡಿಕೊಂಡಿರುವವನು. ಸೇದಿ ಬಿಟ್ಟವನೆಂಬ ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ. ಬಿಡಿಸುವ ಪುಸ್ತಕಗಳಲ್ಲಿ ಎಲ್ಲೂ ಕಾಣದ ಒಂದು ತೊಂದರೆ ನನಗಾಯಿತು. ಸಿಗರೇಟು ನಿಲ್ಲಿಸಿದ ವಾರದಲ್ಲೇ ಕೈ ನಡುಗುವುದು, ಎದೆ ಡವಡವ ಎನ್ನುವುದು, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮಲಗಲಾಗದಿರುವುದು, ಮನೆಯವರ ಮೇಲೆ ವಿನಾಕಾರಣ ಸಿಡುಕು. ಇದು ಚಟ ಬಿಟ್ಟ ಫಲವೇ ಇರಬೇಕು, ಸೇದಿದರೆ ಸರಿಹೋದೀತು ಎಂದು ಪ್ಯಾಕೆಟ್ಟಿನ ಕಡೆ ಕೈ ಹೋಗುವುದರಲ್ಲಿತ್ತು. ಆಗ ನನ್ನನ್ನು ನೋಡುತ್ತಿದ್ದ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಲೋಟ ಕಾಫಿ? ಅರ್ಧಕ್ಕೆ ಇಳಿಸಿ ಎಂದರು. ಇಳಿಸಿದೆ, ಕೆಲವೇ ದಿನಗಳಲ್ಲಿ ನಡುಕ ನಿಂತಿತು. ಕಾರಣವನ್ನು ಅವರು ವಿವರಿಸಿದ್ದರೂ ನನಗೆ ಪೂರ್ತಿ ತಲೆಗೆ ಹತ್ತಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೆಲ್ಲದ ಕರಿಕಾಫಿ ಕುಡಿಯುವ ಈ ಜಿಲ್ಲೆಗೆ ಇದು ಬೇಕಾದ ಮಾಹಿತಿಯಲ್ಲವೇ, ಡಾಕ್ಟರೇ?

ಮಲೆವೈದ್ಯ:

ಸಾಹೇಬರೇ, ನಿಮ್ಮ ವೈದ್ಯರು ಕೇಳಿದ ಪ್ರಶ್ನೆಯನ್ನು ಆ್ಯಪ್‌ನ ಮೊದಲ ಪುಟಕ್ಕೇ ಸೇರಿಸುತ್ತೇನೆ. ಕಾರಣ ಹೀಗಿದೆ. ಕಾಫಿಯ ಕೆಫೀನನ್ನು ನಮ್ಮ ಯಕೃತ್ತಿನಲ್ಲಿ ಒಡೆದು ಹಾಕುವ ಒಂದು ಕಿಣ್ವವಿದೆ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಈ ಕಿಣ್ವದ ಪ್ರಮಾಣವನ್ನು ಹೆಚ್ಚಿಸುತ್ತವೆ. ಆದ್ದರಿಂದ ಸೇದುವವರ ಮೈಯಲ್ಲಿ ಕೆಫೀನು ಬೇಗ ಖರ್ಚಾಗುತ್ತದೆ, ಅವರಿಗೆ ಹೆಚ್ಚು ಕಾಫಿ ಹಿಡಿಸುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ಮಟ್ಟಕ್ಕೆ ಇಳಿಯುತ್ತದೆ. ಕಾಫಿ ಮಾತ್ರ ಮೊದಲಿನಷ್ಟೇ ಒಳಗೆ ಹೋಗುತ್ತಿರುತ್ತದೆ. ರಕ್ತದಲ್ಲಿ ಕೆಫೀನು ಸುಮಾರು ಎರಡು ಪಟ್ಟಾಗುವುದೂ ಉಂಟು. ನಡುಕ, ನಿದ್ದೆಗೇಡು, ಚಡಪಡಿಕೆ, ಇವೆಲ್ಲ ತಂಬಾಕಿನ ಚಟ ಹಿಡಿಸುವ ನಿಕೋಟಿನ್ ತಪ್ಪಿದಾಗಲೂ ಬರುತ್ತವೆ, ಕೆಫೀನು ಹೆಚ್ಚಾದಾಗಲೂ ಬರುತ್ತವೆ. ರೋಗಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ನಮ್ಮಲ್ಲಿ ಹಲವರಿಗೂ ಹೊಳೆಯುವುದಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ, ಮತ್ತು ಅದು ಕಾಫಿಗಿಂತ ಗಂಭೀರ. ಅದೇ ಕಿಣ್ವವು ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಮತ್ತು ಒಲಾಂಜಪಿನ್ ಔಷಧಗಳನ್ನೂ ಒಡೆಯುತ್ತದೆ. ಈ ಔಷಧಗಳ ಮೇಲಿರುವವರು ಇದ್ದಕ್ಕಿದ್ದಂತೆ ಬೀಡಿ ಬಿಟ್ಟರೆ ಔಷಧದ ಮಟ್ಟ ಏರಿ ಅಡ್ಡಪರಿಣಾಮ ಕಾಣಿಸಿಕೊಳ್ಳಬಹುದು. ಬಿಡುವುದನ್ನು ತಡೆಯಬೇಕೆಂದು ಇದರ ಅರ್ಥವಲ್ಲ, ಪ್ರಮಾಣವನ್ನು ಮರುಪರಿಶೀಲಿಸಬೇಕು. ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲವಾದ್ದರಿಂದ, ಸೇದುವುದರ ಬದಲಿಗೆ ಕೊಡುವ ನಿಕೋಟಿನ್ ಗಮ್ ಅಗಿಯುತ್ತಿದ್ದರೂ ಈ ಬದಲಾವಣೆ ಆಗಿಯೇ ಆಗುತ್ತದೆ. ಇಂಥದ್ದನ್ನು ನೂರು ಜನರ ಸಾಲಿನ ನಡುವೆ ನೆನಪಿಟ್ಟುಕೊಳ್ಳುವುದು ಯಾವ ವೈದ್ಯರಿಗೂ ಕಷ್ಟ. ಯಂತ್ರ ನೆನಪಿಸಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ಮದ್ದಿನಂಗಡಿ_ಗೋಣಿಕೊಪ್ಪ:

ಕಾಫಿಯ ಮಾತು ಬಂದದ್ದರಿಂದ ಔಷಧ ಅಂಗಡಿಯ ಕಡೆಯಿಂದ ಒಂದು ಮಾತು. 2 ಮಿಲಿಗ್ರಾಂ ನಿಕೋಟಿನ್ ಗಮ್ಮನ್ನು ವೈದ್ಯರ ಚೀಟಿಯಿಲ್ಲದೆ ಮಾರಬಹುದು. 4 ಮಿಲಿಗ್ರಾಮಿಗೆ ಚೀಟಿ ಬೇಕು. ಕೊಂಡುಹೋದವರಲ್ಲಿ ಬಹಳ ಮಂದಿ ಹಿಂದಿರುಗಿ ಬಂದು ಹೇಳುವುದು ಒಂದೇ: ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು, ಕೆಲಸವೂ ಆಗಲಿಲ್ಲ. ಹೇಗೆ ಅಗಿದಿರಿ ಎಂದು ಕೇಳಿದರೆ, ಮಕ್ಕಳು ಬಬಲ್‌ಗಮ್ ಅಗಿಯುವಂತೆ ಎಡೆಬಿಡದೆ ಅಗಿದು ರಸ ನುಂಗಿರುತ್ತಾರೆ. ನುಂಗಿದ ನಿಕೋಟಿನ್ ಹೊಟ್ಟೆ ಕೆಡಿಸುತ್ತದೆಯೇ ಹೊರತು ಮಿದುಳಿಗೆ ಸಾಕಷ್ಟು ತಲುಪುವುದಿಲ್ಲ. ಖಾರದಂಥ ಚುರುಕು ತಿಳಿಯುವವರೆಗೆ ಮೆಲ್ಲನೆ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳಬೇಕು. ಚುರುಕು ಕಡಿಮೆಯಾದಾಗ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ಎಲೆಅಡಿಕೆ ಹಾಕಿ ಅಭ್ಯಾಸವಿರುವ ಅಜ್ಜಂದಿರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಕೊಡಬಹುದು, ಪೇಟೆಯ ಹುಡುಗರಿಗೇ ಕಷ್ಟ.

ಬಾಯಿಯಲ್ಲಿ ಹುಳಿ ಅಂಶವಿದ್ದರೆ ನಿಕೋಟಿನ್ ಒಳಸೇರುವುದಿಲ್ಲ. ಕಾಫಿ, ಹಣ್ಣಿನ ರಸ, ಸೋಡಾ ಮೂರೂ ಬಾಯಿಯನ್ನು ಹುಳಿ ಮಾಡುತ್ತವೆ. ಗಮ್ ಹಾಕುವ 15 ನಿಮಿಷ ಮೊದಲು ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ನೀರಿನ ಹೊರತು ಏನನ್ನೂ ಕುಡಿಯಬಾರದು. ಕಾಫಿ ಕುಡಿದ ಕೂಡಲೇ ಸೇದಬೇಕೆನಿಸುವುದರಿಂದ ನಮ್ಮವರು ಸರಿಯಾಗಿ ಆ ಗಳಿಗೆಯಲ್ಲೇ ಗಮ್ ಹಾಕುತ್ತಾರೆ. ಅದು ನಾಟದಿರುವುದೂ ಆ ಗಳಿಗೆಯಲ್ಲೇ.

ಇನ್ನು ಪ್ರಮಾಣ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಸೇದುವವರಿಗೆ 4, ಆಮೇಲೆ ಸೇದುವವರಿಗೆ 2 ಮಿಲಿಗ್ರಾಂ ಎಂಬುದು ರೂಢಿಯ ನಿಯಮ. ಈ ಒಂದು ಪ್ರಶ್ನೆ ಕೇಳದೆ ‘ಒಂದು ಸ್ಟ್ರಿಪ್ ಗಮ್ ಕೊಡಿ’ ಎಂದು ಚೀಟಿ ಬರೆದು ಕಳುಹಿಸುವ ವೈದ್ಯರಿದ್ದಾರೆ. ತಂಬಾಕಿನ ಬದಲು ನಿಕೋಟಿನ್ ಕೊಡುವ ಈ ಚಿಕಿತ್ಸೆ 2022ರ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಗೆ ಸೇರಿದೆ. ಅದನ್ನು ಬರೆಯುವ ಕ್ರಮವೂ ಉಳಿದ ಔಷಧಗಳಂತೆಯೇ ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ದಂತವೈದ್ಯೆ_ಕುಶಾಲನಗರ:

ಚರ್ಚೆ ಪೂರ್ತಿಯಾಗಿ ಹೊಗೆಯ ಸುತ್ತಲೇ ನಡೆಯುತ್ತಿದೆ. ಮೇಲೆ ಹೇಳಿದ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿಗಳನ್ನು ನೋಡಿ: ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 16.3. ‘ನೀವು ಸೇದುತ್ತೀರಾ’ ಎಂದು ಮಾತ್ರ ಕೇಳುವ ಆ್ಯಪ್, ಕೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಕುರ್ಚಿಗೆ ಬಂದು ಕೂರುವ ಹೆಂಗಸಿನಿಂದ ‘ಇಲ್ಲ’ ಎಂಬ ಉತ್ತರವನ್ನೇ ಪಡೆಯುತ್ತದೆ, ಮತ್ತು ಆ ಉತ್ತರ ಸುಳ್ಳೂ ಅಲ್ಲ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುತ್ತೀರಾ, ಕಡ್ಡಿಪುಡಿ ಹಾಕುತ್ತೀರಾ, ಗುಟ್ಕಾ ಇದೆಯೇ ಎಂದು ಹೆಸರು ಹಿಡಿದೇ ಕೇಳಬೇಕು. ಬೀಡಿ ಬಿಟ್ಟೆನೆಂದು ಹೇಳಿ ಹೊಗೆಸೊಪ್ಪಿಗೆ ದಾಟಿಕೊಂಡವರನ್ನೂ ಬೇರೆಯಾಗಿ ಗುರುತಿಸಬೇಕು.

ನನ್ನ ಅನುಭವದಲ್ಲಿ ಯಾವ ಮಾತಿಗಿಂತಲೂ ಕೈಕನ್ನಡಿ ಹೆಚ್ಚು ಕೆಲಸ ಮಾಡುತ್ತದೆ. ಒಳಕೆನ್ನೆಯ ಬಿಳಿ ಮಚ್ಚೆಯನ್ನು ಅವರಿಗೇ ತೋರಿಸಿ, ಇದು ಎಲ್ಲರಲ್ಲೂ ಕ್ಯಾನ್ಸರ್ ಆಗುವುದಿಲ್ಲ, ತಂಬಾಕು ಬಿಟ್ಟರೆ ಹಲವರಲ್ಲಿ ಕುಗ್ಗುತ್ತದೆ ಎಂದು ಹೇಳಿದರೆ ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ. ದಯವಿಟ್ಟು ಆ್ಯಪ್‌ನಲ್ಲಿ ಕೊಳೆತ ಬಾಯಿಯ ಭಯಾನಕ ಚಿತ್ರಗಳನ್ನು ತುಂಬಬೇಡಿ. ಅವು ಪ್ಯಾಕೆಟ್ಟಿನ ಮೇಲೆಯೇ ಇವೆ, ನೋಡಿ ನೋಡಿ ಜನರಿಗೆ ಬಳಕೆಯಾಗಿಬಿಟ್ಟಿವೆ. ಅವರದೇ ಬಾಯಿಯನ್ನು ನೋಡುವುದು ಬೇರೆ. ಕಟ್ಟುಹಲ್ಲು ಇರುವವರಿಗೆ ಗಮ್ ಅಂಟಿಕೊಳ್ಳುತ್ತದೆ, ಅವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಸೂಕ್ತ ಎಂಬುದನ್ನೂ ಸೇರಿಸಿಕೊಳ್ಳಿ.

ಶನಿವಾರಸಂತೆ_ಮೇಷ್ಟ್ರು:

ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಕ್ಷಮೆಯಿರಲಿ. ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಪಿರಿಯಾಪಟ್ಟಣ ತಾಲೂಕು. ಅಲ್ಲಿ ಹೊಗೆಸೊಪ್ಪೇ ಬದುಕಿನ ಬೆಳೆ, ಬ್ಯಾರನ್ನುಗಳಲ್ಲಿ (ಬಿಸಿಯಲ್ಲಿ ಸೊಪ್ಪು ಹದಮಾಡುವ ಮನೆ) ಬೇಯಿಸಿದ ಸೊಪ್ಪನ್ನು ತಂಬಾಕು ಮಂಡಳಿಯೇ ಹರಾಜು ಹಾಕಿಸುತ್ತದೆ. ಸೇತುವೆಯ ಆಚೆ ಸರ್ಕಾರ ಬೆಳೆಗೆ ಬೆಲೆ ಕೊಡಿಸುತ್ತದೆ, ಈಚೆ ನೀವು ಆ್ಯಪ್ ಹಿಡಿದು ಬಿಡಿಸಲು ಹೊರಟಿದ್ದೀರಿ. ಬೀಡಿ, ಸಿಗರೇಟುಗಳನ್ನು ಒಂದೊಂದಾಗಿ ಮಾರುವುದನ್ನು ರಾಜ್ಯದಲ್ಲಿ 2017ರಲ್ಲೇ ನಿಷೇಧಿಸಿದ್ದರೂ, ಯಾವ ಗೂಡಂಗಡಿಯಲ್ಲಿ ಸಿಗುವುದಿಲ್ಲ ಹೇಳಿ. ಬೆಲೆ ಏರಿಸಿ, ಕಾನೂನು ಜಾರಿ ಮಾಡಿ. ಅದು ಮಾಡುವ ಕೆಲಸವನ್ನು ಸಾವಿರ ಆ್ಯಪ್‌ಗಳು ಮಾಡಲಾರವು. ಅಲ್ಲದೆ ಇಂಥ ಆ್ಯಪ್‌ಗಳಿಂದ ಜನ ಬಿಟ್ಟಿದ್ದಾರೆ ಎಂಬುದಕ್ಕೆ ಪುರಾವೆ ಏನಿದೆ?

ಮಲೆವೈದ್ಯ:

ಮೇಷ್ಟ್ರೇ, ಬೆಲೆ ಮತ್ತು ಕಾನೂನಿನ ವಿಷಯದಲ್ಲಿ ನಿಮ್ಮೊಡನೆ ನನಗೆ ಜಗಳವಿಲ್ಲ. ತೆರಿಗೆ ಏರಿಕೆಯೇ ಅತ್ಯಂತ ಪರಿಣಾಮಕಾರಿ ಕ್ರಮವೆಂದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುತ್ತಾರೆ. ಆದರೆ ತೆರಿಗೆ ಏರುವವರೆಗೂ ನನ್ನ ಮೇಜಿನ ಮುಂದೆ ಕುಳಿತವರಿಗೆ ಕಾಯಿರಿ ಎನ್ನುವಂತಿಲ್ಲ.

ಪುರಾವೆಯ ಪ್ರಶ್ನೆಗೆ ಉತ್ತರ ನಿಮಗೆ ಅನುಕೂಲವಾಗಿಯೇ ಇದೆ. ಮೊಬೈಲಿನ ಮೂಲಕ ತಂಬಾಕು ಬಿಡಿಸುವ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಸಂಸ್ಥೆ) ವಿಮರ್ಶೆಯಲ್ಲಿ, ಸರಳ ಎಸ್ಸೆಮ್ಮೆಸ್ ಸಂದೇಶಗಳಿಂದ ಬಿಡುವವರ ಪ್ರಮಾಣ ಸುಮಾರು ಒಂದೂವರೆ ಪಟ್ಟು ಹೆಚ್ಚಾದದ್ದು ಕಂಡುಬಂದಿತು. ಸ್ಮಾರ್ಟ್‌ಫೋನ್ ಆ್ಯಪ್‌ಗಳಿಂದ ಅಂಥ ಲಾಭವಾಗುತ್ತದೆಂದು ತೋರಿಸಲು ಸಾಕಷ್ಟು ಆಧಾರ ಸಿಗಲಿಲ್ಲ. ಆದರೆ ಅವು ಸೇದುವವರು ಬಳಸುವ ಆ್ಯಪ್‌ಗಳು. ನನ್ನ ಆ್ಯಪ್ ಯಾರನ್ನೂ ಬಿಡಿಸುವುದಿಲ್ಲ, ಬಿಡಿಸುವುದು ಮಾತು, ಔಷಧ ಮತ್ತು ಮತ್ತೆ ಮತ್ತೆ ವಿಚಾರಿಸುವುದು. ಆ ಮೂರನ್ನು ಮರೆಯದಂತೆ ಸಿಬ್ಬಂದಿಯನ್ನು ಎಚ್ಚರಿಸುವುದಷ್ಟೇ ಇದರ ಪಾಲು. ಅದಕ್ಕಿಂತ ದೊಡ್ಡ ಹೊರೆಯನ್ನು ಇದರ ಮೇಲೆ ಹೇರಿದರೆ ನೀವು ಹೇಳುವ ಟೀಕೆಗೆ ಅರ್ಹವಾಗುತ್ತದೆ.

ಇದುವರೆಗಿನ ಅಭಿಪ್ರಾಯಗಳಿಂದ ನಾನು ಕೈಗೊಂಡ ಬದಲಾವಣೆಗಳನ್ನು ತಿಳಿಸುತ್ತೇನೆ. ಅಂಕ ಲೆಕ್ಕ ಹಾಕುವ ಉದ್ದನೆಯ ಪ್ರಶ್ನಾವಳಿಯನ್ನು ತೆಗೆದುಹಾಕಿದ್ದೇನೆ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ದಿನಕ್ಕೆ ಎಷ್ಟು ಎಂಬ ಎರಡೇ ಪ್ರಶ್ನೆಗಳಿಂದ ಅವಲಂಬನೆಯ ತೀವ್ರತೆ ಸಾಕಷ್ಟು ತಿಳಿಯುತ್ತದೆ. ಬೀಡಿಗೆ ಬೇರೆಯೇ ವಿವರಣೆ ಇರುತ್ತದೆ. ಸಿಗರೇಟಿಗಿಂತ ಚಿಕ್ಕದು, ಸೊಪ್ಪು ಕಡಿಮೆ, ಆದ್ದರಿಂದ ಹಾನಿಯೂ ಕಡಿಮೆ ಎಂದು ಸೇದುವವರೂ ಹೇಳುತ್ತಾರೆ, ಕೆಲವೊಮ್ಮೆ ನಮ್ಮವರೂ ತಲೆಯಾಡಿಸುತ್ತಾರೆ. ಸುತ್ತಿದ ಎಲೆಯಲ್ಲಿ ಗಾಳಿಯಾಡದ ಕಾರಣ ಬೀಡಿ ಆರದಿರಬೇಕಾದರೆ ಮೇಲಿಂದ ಮೇಲೆ, ಆಳವಾಗಿ ಎಳೆಯಬೇಕು. ಹಾಗಾಗಿ ಅದರಿಂದ ಒಳಹೋಗುವ ನಿಕೋಟಿನ್, ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗೆ ಕಡಿಮೆಯೇನಲ್ಲ. ಮೂರ್ಛೆರೋಗ ಇದೆಯೇ ಎಂದು ಕೇಳದೆ, ತಂಬಾಕು ಬಿಡಲು ಕೊಡುವ ಬ್ಯುಪ್ರೋಪಿಯಾನ್ ಮಾತ್ರೆಯ ಪುಟ ತೆರೆಯದಂತೆ ಮಾಡಿದ್ದೇವೆ. ಗರ್ಭಿಣಿಯರಿಗೆ ಔಷಧದ ಪುಟವೇ ಇಲ್ಲ, ಆಪ್ತಸಮಾಲೋಚನೆ ಮತ್ತು ತಜ್ಞರ ಬಳಿಗೆ ಕಳುಹಿಸುವುದು ಮಾತ್ರ. ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356ಕ್ಕೆ ಒಂದು ಗುಂಡಿಯಿದೆ. 2018ರಿಂದ ಎಲ್ಲ ಪ್ಯಾಕೆಟ್ಟುಗಳ ಮೇಲೂ ಅಚ್ಚಾಗುತ್ತಿರುವ ಸಂಖ್ಯೆ ಅದೇ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಮಾತನಾಡುತ್ತಾರೆ. ಆದರೆ ಕರೆ ರೋಗಿಯ ಫೋನಿನಿಂದಲೇ ಹೋಗಬೇಕು, ಏಕೆಂದರೆ ಅವರು ತಿರುಗಿ ಕರೆ ಮಾಡಿ ವಿಚಾರಿಸುವುದು ಆ ಸಂಖ್ಯೆಗೇ.

ಹೆಸರಿನ ಅಂಜಿಕೆಯ ಬಗ್ಗೆ ಉಪಕೇಂದ್ರದ ಮೇಡಂ ಬರೆದದ್ದು ಅತ್ಯಂತ ಮುಖ್ಯವಾದದ್ದು. ಆ್ಯಪ್‌ನಲ್ಲಿ ಹೆಸರು, ತೋಟ, ಊರು ಯಾವುದನ್ನೂ ದಾಖಲಿಸುವುದಿಲ್ಲ. ಚೀಟಿಯ ಸಂಖ್ಯೆಯೊಂದೇ ಇರುತ್ತದೆ, ಅದೂ ಆ ಫೋನಿನೊಳಗೇ ಉಳಿಯುತ್ತದೆ. ಮಾಹಿತಿ ಎಲ್ಲಿಗೂ ಹೋಗದಿರುವುದರಿಂದ ಇಂಟರ್‌ನೆಟ್ ಕೂಡ ಬೇಕಿಲ್ಲ. ಮೇಲಧಿಕಾರಿಗಳಿಗೆ ವರದಿ ಹೇಗೆ ಕೊಡುವುದು ಎಂದು ತಮ್ಮ ಕೇಳಿದ. ಕೊಡಬೇಕಿಲ್ಲ ಎಂದೆ. ವರದಿ ಕೇಳತೊಡಗಿದ ದಿನವೇ ಇದರಲ್ಲಿ ಸುಳ್ಳು ತುಂಬತೊಡಗುತ್ತದೆ.

ತೋಟದರೈಟರ್_ಸಿದ್ದಾಪುರ:

ಸಿದ್ದಾಪುರದ ಹತ್ತಿರ ಒಂದು ತೋಟದಲ್ಲಿ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ಬಟವಾಡೆ ನನ್ನ ಕೆಲಸ. ಆರೋಗ್ಯದವರು ಬಂದು ಬೀಡಿ ಕೆಟ್ಟದ್ದು ಎಂದು ಹೇಳಿ ಹೋಗುತ್ತಾರೆ, ಆದರೆ ಕೆಲಸದ ನಡುವೆ ಬೀಡಿ ಹಚ್ಚಿದವನಿಗೆ ಮಾತ್ರ ಐದು ನಿಮಿಷ ಕೂರಲು ಸಿಗುತ್ತದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಸುಮ್ಮನೆ ಕೂತರೆ ಮೇಸ್ತ್ರಿ ಗದರುತ್ತಾನೆ, ಬೀಡಿ ಹಿಡಿದು ಕೂತರೆ ಗದರುವುದಿಲ್ಲ. ಸೇದದ ಹೆಂಗಸರು ಆ ಹೊತ್ತಿನಲ್ಲೂ ಕಾಫಿ ಕುಯ್ಯುತ್ತಲೇ ಇರುತ್ತಾರೆ. ಬೀಡಿ ಬಿಟ್ಟವನಿಗೆ ಆ ಐದು ನಿಮಿಷವೂ ಹೋಗುತ್ತದೆ. ನಮ್ಮ ತೋಟದಲ್ಲಿ ಎಲ್ಲರಿಗೂ ಹತ್ತು ಗಂಟೆಗೆ ಕೂರುವ ಹೊತ್ತು ಗೊತ್ತುಮಾಡಿದ ಮೇಲೆ, ಬಿಟ್ಟ ಒಬ್ಬಿಬ್ಬರಿಗೆ ಅದರಿಂದ ಉಪಕಾರವಾಯಿತು. ಇದನ್ನು ಆ್ಯಪ್‌ನಲ್ಲಿ ಬರೆಯಲಾಗುತ್ತದೆಯೋ ಇಲ್ಲವೋ ತಿಳಿಯದು, ಸಲಹೆ ಕೊಡುವವರು ತೋಟದ ಮಾಲೀಕರಿಗೂ ಒಂದು ಮಾತು ಹೇಳಬಹುದು.

ಹೊಗೆಸೊಪ್ಪನ್ನು ಜಿಗಣೆಗೆಂದು ಜೇಬಿನಲ್ಲಿಟ್ಟುಕೊಳ್ಳುವುದೂ ಉಂಟು. ಮಳೆಗಾಲದಲ್ಲಿ ಕಾಲಿಗೆ ಉಜ್ಜಲು ತಂದದ್ದು ಬಾಯಿಗೆ ಹೋಗುವುದಕ್ಕೆ ಎಷ್ಟು ಹೊತ್ತು? ಅದರ ಬದಲು ಜಿಗಣೆಗೆ ಸುಣ್ಣ ಮತ್ತು ಉಪ್ಪಿನ ಬಟ್ಟೆಗಂಟು ಕೊಟ್ಟು ನೋಡಿದ್ದೇವೆ, ಕೆಲವರು ಒಪ್ಪಿಕೊಂಡರು.

ಇನ್ನೊಂದು, ಬಿಡುವ ದಿನವನ್ನು ನಿಗದಿ ಮಾಡಿಕೊಳ್ಳಿ ಎಂದು ನೀವು ಹೇಳುತ್ತೀರಿ. ಬಟವಾಡೆಯ ದಿನವನ್ನಾಗಲೀ ಸಂತೆಯ ದಿನವನ್ನಾಗಲೀ ನಿಗದಿ ಮಾಡಬೇಡಿ. ಕೈಯಲ್ಲಿ ಹಣ, ಜೊತೆಯಲ್ಲಿ ಗೆಳೆಯರು, ಎದುರಿಗೆ ಮದ್ಯದಂಗಡಿ ಇರುವ ಸಂಜೆ ಯಾರೂ ತಡೆದುಕೊಳ್ಳಲಾರರು. ಹುತ್ತರಿ ಹಬ್ಬದ ವಾರವೂ ಬೇಡ, ಮದುವೆಯ ವಾರವೂ ಬೇಡ.

ಉಪಕೇಂದ್ರ_ವಿರಾಜಪೇಟೆ:

ರೈಟರ್ ಹೇಳಿದ್ದು ನೂರಕ್ಕೆ ನೂರು ನಿಜ. ಬಿಡುವ ದಿನ ಎರಡು ವಾರದೊಳಗೆ ಇರಬೇಕೆಂದು ಪಾಠದಲ್ಲಿದೆ, ಸರಿ. ಅದರೊಳಗೆ ಬಟವಾಡೆ ಮುಗಿದ ಮಾರನೆಯ ದಿನ ಒಳ್ಳೆಯದು. ಆಗ ಮುಂದಿನ ಹಣ ಕೈಗೆ ಬರುವ ಹೊತ್ತಿಗೆ ಕಷ್ಟದ ಮೊದಲ ಎರಡು ಮೂರು ದಿನಗಳಾದರೂ ಕಳೆದಿರುತ್ತವೆ.

ಬಿಟ್ಟವರನ್ನು ಮತ್ತೆ ವಿಚಾರಿಸುವ ದಿನಗಳ ಬಗ್ಗೆ ನನ್ನದೊಂದು ಸಲಹೆ. ಎಲ್ಲರಿಗೂ ಬಿಟ್ಟ ಮೂರನೆಯ ದಿನ, ಏಳನೆಯ ದಿನ, ತಿಂಗಳಿಗೆ ಎಂದು ಆ್ಯಪ್ ನೆನಪಿಸಿದರೆ ನಾವು ಒಂದು ವಾರ ಪಾಲಿಸಿ ಆ ನೆನಪಿನ ಗಂಟೆಯನ್ನೇ ನಿಲ್ಲಿಸಿಬಿಡುತ್ತೇವೆ. ತಾವಾಗಿಯೇ ತಿಂಗಳು ತಿಂಗಳು ಬರುವವರಿಂದ ಆರಂಭಿಸಿ: ಬಿಪಿ, ಸಕ್ಕರೆ ಮಾತ್ರೆಗೆ ಬರುವವರು, ಆರು ತಿಂಗಳು ಔಷಧ ತೆಗೆದುಕೊಳ್ಳುವ ಕ್ಷಯರೋಗಿಗಳು. ಕ್ಷಯ ಮತ್ತು ತಂಬಾಕು ನಿಯಂತ್ರಣ ಕಾರ್ಯಕ್ರಮಗಳು ಜೊತೆಯಾಗಿ ನಡೆಯಬೇಕೆಂಬ ರಾಷ್ಟ್ರೀಯ ಚೌಕಟ್ಟು 2017ರಲ್ಲೇ ಬಂದಿದೆ, ಆದ್ದರಿಂದ ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಕೆಮ್ಮಿನಿಂದ ಬಳಲುವ ಆ ಆರು ತಿಂಗಳಲ್ಲಿ ಬಿಡುವ ಮನಸ್ಸೂ ಹೆಚ್ಚಿರುತ್ತದೆ. ಮತ್ತೆ ಸೇದಿದೆ ಎಂದು ಹೇಳಿದವರನ್ನು ‘ವಿಫಲ’ ಎಂಬ ಕಾಲಂಗೆ ಹಾಕಬೇಡಿ. ಆ ಕಾಲಂ ಇದ್ದರೆ ಅವರು ಮುಂದಿನ ತಿಂಗಳು ನಮ್ಮ ಎದುರಿಗೇ ಬರುವುದಿಲ್ಲ. ಯಾವ ಹೊತ್ತಿನಲ್ಲಿ, ಯಾರ ಜೊತೆ ಇದ್ದಾಗ ಸೇದಿದರು ಎಂಬ ಒಂದು ಸಾಲು ಬರೆಯಲು ಜಾಗ ಕೊಡಿ, ಅಷ್ಟು ಸಾಕು.

ಭಾಷೆಯ ಮಾತು ಉಳಿದಿದೆ. ನಮ್ಮ ಲೈನ್‌ಮನೆಗಳಲ್ಲಿ ಯರವ ಬುಡಕಟ್ಟಿನ ನುಡಿ, ಮಲಯಾಳಂ, ತಮಿಳು ಇವೆ. ಈಚೆಗೆ ಅಸ್ಸಾಂ ಕಡೆಯಿಂದ ಬಂದವರ ಮಾತೂ ಸೇರಿದೆ. ಓದುವ ಅಕ್ಷರ ಬೇಡ, ಕೇಳಿಸುವ ಧ್ವನಿ ಇರಲಿ. ಗಮ್ ಅಗಿಯುವ ಕ್ರಮ, ಕಾಫಿಯ ಎಚ್ಚರಿಕೆ, ಮೊದಲ ಮೂರು ದಿನ ಏನಾಗುತ್ತದೆ ಎಂಬ ಮೂರು ಸಣ್ಣ ತುಣುಕುಗಳನ್ನು ಯರವ ನುಡಿಯಲ್ಲಿ ಹೇಳಲು ನಮ್ಮ ಆಶಾ ಕಾರ್ಯಕರ್ತೆಯೊಬ್ಬರು ಒಪ್ಪಿದ್ದಾರೆ. ಪಠ್ಯವನ್ನು ಕನ್ನಡದಲ್ಲಿ ಕಳುಹಿಸಿ, ಡಾಕ್ಟರೇ. ಒಂದೊಂದೂ ಒಂದು ನಿಮಿಷ ಮೀರದಿರಲಿ.

ಮಲೆವೈದ್ಯ:

ಗಮ್ ಮತ್ತು ಕಾಫಿಯ ಪಠ್ಯ ಸಿದ್ಧವಿದೆ, ಇಂದೇ ಕಳುಹಿಸುತ್ತೇನೆ. ಮೊದಲ ಮೂರು ದಿನಗಳದ್ದನ್ನು ಹಳೆಸಿಪಾಯಿಯವರು ಒಮ್ಮೆ ಓದಿ, ಬಿಟ್ಟವರ ಕಿವಿಗೆ ಅದು ಹೇಗೆ ಕೇಳಿಸುತ್ತದೆಂದು ಹೇಳಿದರೆ ಆಮೇಲೆ ಕೊಡುತ್ತೇನೆ. ‘ವಿಫಲ’ ಕಾಲಂ ತೆಗೆಸಿದ್ದಾಯಿತು. ಬಟವಾಡೆಯ ದಿನ ಕೇಳುವ ಪ್ರಶ್ನೆಯನ್ನು ಬಿಡುವ ದಿನ ನಿಗದಿ ಮಾಡುವ ಪುಟದಲ್ಲಿ ಮೊದಲನೆಯದಾಗಿ ಇಟ್ಟಿದ್ದೇವೆ.